ಕೊಪ್ಪೆ, ಕುಂಚಿಗೆ, ಮಳೆಯಂಗಿ

ನಮ್ಮ ಸೀಮೆಯ ಮಳೆಯು ಮಲೆನಾಡಿನ ಮಳೆಯಂತೆ ತಿಂಗಳುಗಟ್ಟಲೆ ಒಂದೇ ಸಮನೆ ಸುರಿಯುವಂಥದಲ್ಲ. ಗದುಗಿನ ಸುತ್ತಲಿನ ನೆಲಕ್ಕೆ ವರ್ಷವಿಡೀ ಬೀಳುವದು ಸುಮಾರು ೨೪ ಅಂಗುಲ. ಅದೂ ಮುಂಗಾರು ಹಿಂಗಾರುಗಳಲ್ಲಿ ಹಂಚಿಹೋಗಿ, ಬಂದರೆ ಒಂದೇ ಹೊತ್ತಿನಲ್ಲಿ ಹಳ್ಳಗಳನ್ನು ತುಂಬಿಸಿ ಹೋಗುವದು, ಬಾರದಿದ್ದರೆ ಪಕ್ಷಗಟ್ಟಲೆ ಮೋಡವನ್ನು ಮಾತ್ರ ತೋರಿಸುವದು. ಆದರೆ ಈ ಅಲ್ಪವೃಷ್ಟಿಗೆ ಜೊತೆಯಾಗಿ ಬರುವ ಗಾಳಿಯು ಅಲ್ಪವಾದುದಲ್ಲ. ಗದುಗಿನ ಬಳಿಯಿಂದ ಹೊರಟು ಶಿರಹಟ್ಟಿ ಮುಂಡರಗಿಗಳ ನೆಲವನ್ನು ಹಾಯ್ದು ತುಂಗಭದ್ರೆಯ ಕಡೆಗೆ ಹಬ್ಬಿರುವ ಕಪ್ಪತಗುಡ್ಡದ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿರುವದು ಸುಮ್ಮನೆ ಅಲ್ಲ. ಇಂಥ ಗಾಳಿಯಲ್ಲಿ ಕೊಡೆ ಹಿಡಿದವನು ತಾನೇ ಕೊಡೆಯನ್ನು ಕಾಯಬೇಕಲ್ಲದೆ ಕೊಡೆಯು ಅವನನ್ನು ಕಾಯುವದಿಲ್ಲ. ಮೇಲಾಗಿ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವವಳಿಗೂ ಎತ್ತಿನ ಹಗ್ಗ ಹಿಡಿದವನಿಗೂ ಕೊಡೆಗಾಗಿ ಮೂರನೆಯ ಕೈಯೊಂದು ಇಲ್ಲ. ಆದಕಾರಣ ನಮ್ಮ ರೈತರು ಮಳೆಯ ರಕ್ಷಣೆಯನ್ನು ಕೈಯಲ್ಲಿ ಹಿಡಿಯದೆ ಮೈಮೇಲೆ ಹೊತ್ತರು. ಅದಕ್ಕೆ ಕೊಪ್ಪೆ ಎಂದು ಹೆಸರು. ಹಳ್ಳಿಗರ ಬಾಯಿಯಲ್ಲಿ ಕೊಪ್ಪಿ.

ಕೊಪ್ಪೆಯೆಂದರೆ ಬೇರೆ ಒಂದು ವಸ್ತುವಲ್ಲ. ಕಂಬಳಿಯನ್ನು ಮಡಿಸುವ ಒಂದು ರೀತಿ. ಕಂಬಳಿಯ ಒಂದು ತುದಿಯ ಮೂಲೆಗಳನ್ನು ಒಳಕ್ಕೆ ಮಡಚಿ, ಆ ಮಡಿಕೆಯನ್ನು ತಲೆಯ ಮೇಲೆ ಬಿಗಿಯಾಗಿ ಕೂರಿಸಿಕೊಂಡರೆ, ಉಳಿದ ಭಾಗವು ಬೆನ್ನು ತೋಳುಗಳ ಮೇಲಿಂದ ಮೊಣಕಾಲಿನವರೆಗೆ ಇಳಿಬೀಳುವದು. ಸೂಜಿಯಿಲ್ಲ, ಗುಂಡಿಯಿಲ್ಲ, ಕಸೆಯಿಲ್ಲ. ಬಿಸಿಲು ಬಂದರೆ ಬಿಚ್ಚಿ ಹಾಸಿಕೊಳ್ಳಬಹುದು, ರಾತ್ರಿ ಹೊದೆಯಬಹುದು, ಸುಗ್ಗಿಯಲ್ಲಿ ಕಾಳು ಕಟ್ಟಬಹುದು. ಕಂಬಳಿಯಿಲ್ಲದವರು ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿ ಅದನ್ನೇ ಕೊಪ್ಪೆಮಾಡಿಕೊಳ್ಳುವರು. ಗೋಣಿ ಎಂಬ ಶಬ್ದವು ಹಳೆಯದಾದರೂ ಸೆಣಬಿನ ಗಿರಣಿಚೀಲವು ಹಳೆಯದಲ್ಲ. ಕಲಕತ್ತೆಯ ಹತ್ತಿರ ರಿಶ್ರಾದಲ್ಲಿ ಮೊದಲನೆಯ ಸೆಣಬಿನ ಗಿರಣಿಯು ನಿಂತದ್ದು ೧೮೫೫ರಲ್ಲಿ. ಗದುಗಿಗೆ ಸದರ್ನ್ ಮರಾಠಾ ಕಂಪನಿಯ ರೈಲು ಬಂದದ್ದು ೧೮೭೬-೭೮ರ ಮಹಾಕ್ಷಾಮದ ತರುವಾಯ, ೧೮೮೪ರಲ್ಲಿ. ಚೀಲದ ಕೊಪ್ಪೆಯು ಎಲ್ಲರಿಗೂ ಎಟುಕುವಂತಾದದ್ದು ಈ ದಾರಿಗಳು ತೆರೆದ ಮೇಲೆಯೇ ಎಂದು ಹೇಳಬಹುದು. ನಾನು ಮಾಸ್ತರಿಕೆಗೆ ಸೇರುವ ಹೊತ್ತಿಗೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲವು ಬಂದು ಗೋಣಿಯ ಸ್ಥಾನವನ್ನೂ ಹಿಡಿಯುತ್ತಲಿದ್ದಿತು. ವಸ್ತುವು ಎರಡು ಸಲ ಬದಲಾಯಿತು, ಮಡಿಕೆಯು ಬದಲಾಗಲಿಲ್ಲ.

೧೯೪೮ರ ವಿಲೀನೀಕರಣದ ಮುಂಚೆ ನಮ್ಮ ಈ ನಾಲ್ಕು ಊರುಗಳು ಒಂದೇ ಆಳಿಕೆಯಲ್ಲಿ ಇರಲಿಲ್ಲವೆಂಬುದನ್ನು ಹಿರಿಯರು ಬಲ್ಲರು. ಗದಗ-ಬೆಟಗೇರಿ ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೆ ಸೇರಿದ್ದವು. ಒಂದೇ ಗಾಡಿದಾರಿಯಲ್ಲಿ ಎರಡು ಸಲ ಸರಹದ್ದು ದಾಟಬೇಕಾಗುತ್ತಿದ್ದಿತು. ಆದರೆ ದಾರಿಯಲ್ಲಿ ಮಳೆ ಹಿಡಿದರೆ ಮೂರೂ ಪ್ರಭುತ್ವಗಳ ಪ್ರಜೆಗಳು ತಲೆಗೆ ಹಾಕಿಕೊಳ್ಳುತ್ತಿದ್ದುದು ಒಂದೇ ಕೊಪ್ಪೆಯನ್ನು.

ಈ ವಿಷಯವು ನನ್ನ ಲಕ್ಷ್ಯಕ್ಕೆ ಬಂದದ್ದು ಮನೆಯೊಳಗಿನ ಒಂದು ಕಾರಣದಿಂದ. ಬೆಟಗೇರಿಯಿಂದ ಗದುಗಿನ ಶಾಲೆಗೆ ಸೈಕಲ್ ಮೇಲೆ ಹೋಗುವ ನನ್ನ ಮೊಮ್ಮಗನಿಗಾಗಿ ನನ್ನ ಮಗಳು ಕಳೆದ ವೈಶಾಖದಲ್ಲಿ ಒಂದು ಹಗುರವಾದ ಮಳೆಯಂಗಿಯನ್ನು ಮನೆಯಲ್ಲಿಯೇ ಹೊಲಿಯತೊಡಗಿದಳು. ಅಂಗಡಿಯಲ್ಲಿ ಸಿಗುವದನ್ನು ಹೊಲಿಯುವದೇಕೆಂದು ಕೇಳಿದೆನು. ಅಂಗಡಿಯದು ಒಂದೇ ಮಳೆಗಾಲಕ್ಕೆ ಭುಜದ ಹೊಲಿಗೆಯಲ್ಲಿ ಬಿಚ್ಚಿಕೊಳ್ಳುವದೆಂದೂ, ಒಳಗೆ ಬೆವರು ಸುರಿದು ಹುಡುಗನು ಮಳೆಯಿಲ್ಲದೆಯೇ ತೊಯ್ಯುವನೆಂದೂ ಹೇಳಿದಳು. ಅವಳು ಬಟ್ಟೆಯನ್ನು ನೆಲದ ಮೇಲೆ ಹಾಸಿ ಕತ್ತರಿಸುವಾಗ ಸಹಾಯ ಮಾಡಲು ಹೋಗಿ ನಾನು ಒಂದು ಟಾಚಣಿಯನ್ನು ನಡುವೆ ಚುಚ್ಚಿದೆನು. “ಅಪ್ಪಾ, ಅಲ್ಲೆ ಚುಚ್ಚಬ್ಯಾಡ್ರಿ! ಒಂದು ತೂತು ಬಿದ್ದರ ಅಲ್ಲಿಂದನ ನೀರು ಬರತೈತಿ” ಎಂದು ಕೂಗಿದಳು. ಅವಳು ಟಾಚಣಿಗಳನ್ನು ಹೊಲಿಗೆಯಾಚೆಗೆ ಉಳಿಯುವ ಅಂಚಿನಲ್ಲಿ ಮಾತ್ರ ಚುಚ್ಚುತ್ತಿದ್ದಳು. ಸೂಜಿಯಿಲ್ಲದೆ ಅಂಗಿಯಿಲ್ಲ; ಸೂಜಿಯು ತಾಗಿದಲ್ಲಿ ನೀರಿಗೆ ದಾರಿ. ನಮ್ಮ ಹಿಂದಿನವರು ಕೊಪ್ಪೆಯನ್ನು ಹೊಲಿಯದೆ ಮಡಿಸಿಯೇ ಬಿಟ್ಟುದರ ಅರ್ಥವು ಆ ಟಾಚಣಿಯ ತೂತಿನಿಂದ ನನಗೆ ತಿಳಿಯಿತು. ಆ ಮೇಲೆ ಹಳೆಯ ಪುಸ್ತಕಗಳನ್ನು ತೆಗೆದು ಕುಳಿತೆನು.

ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ‘ಕಂಬಲ್ಯ’ವೆಂಬ ಒಂದು ಶಬ್ದಕ್ಕಾಗಿಯೇ ಸೂತ್ರವೊಂದು ಇರುವದು. ಕಾಶಿಕಾವೃತ್ತಿಯು ಅದನ್ನು ನೂರು ಪಲ ಉಣ್ಣೆಯ ಸಂಜ್ಞೆಯೆಂದು ವಿವರಿಸುವದು. ಅಂದರೆ ಒಂದು ಕಂಬಳಿಗೆ ತಗಲುವ ಉಣ್ಣೆ. ಪಾಠಶಾಲೆಯಲ್ಲಿ ಇದನ್ನು ಉರುಹೊಡೆಯುವಾಗ ನನಗೆ ಅದು ಪ್ರತ್ಯಯದ ಪ್ರಶ್ನೆಯಾಗಿದ್ದಿತೇ ಹೊರತು ತೂಕದ ಪ್ರಶ್ನೆಯಾಗಿರಲಿಲ್ಲ. ಪಲಕ್ಕೆ ನಾಲ್ಕು ತೊಲೆಯಂತೆ ಹಿಡಿದರೆ ನೂರು ಪಲವೆಂದರೆ ೪೦೦ ತೊಲೆ, ಅಂದರೆ ೮೦ ತೊಲೆಯ ಸೇರಿನಿಂದ ೫ ಸೇರು. ಈಗಿನ ಲೆಕ್ಕದಲ್ಲಿ ಸುಮಾರು ನಾಲ್ಕೂಮುಕ್ಕಾಲು ಕಿಲೋ. ಒಣಗಿದ ಕಂಬಳಿಯ ತೂಕವೇ ಇಷ್ಟಾದರೆ ಮಳೆಯಲ್ಲಿ ನೆಂದದ್ದರ ಭಾರವನ್ನು ಹೊತ್ತವನೇ ಬಲ್ಲನು. ಮಗಳು ಹೊಲಿದ ಅಂಗಿಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆನು: ೨೬೦ ಗ್ರಾಂ. ಪಾಣಿನಿಯ ಕಂಬಳಿಯ ಹದಿನೆಂಟನೆಯ ಒಂದು ಪಾಲು.

ಇದಕ್ಕಿಂತ ನೇರವಾದ ಉಲ್ಲೇಖವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವದು. ಆ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಪಂಡಿತ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಎತ್ತಿ ೧೯೦೯ರಲ್ಲಿ ಅಚ್ಚುಮಾಡಿಸಿದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯಾಗಿರುವದು. ಅದರ ಎರಡನೆಯ ಅಧಿಕರಣದಲ್ಲಿ, ಕೋಶಕ್ಕೆ ಸೇರತಕ್ಕ ರತ್ನ ವಸ್ತ್ರಾದಿಗಳ ಪರೀಕ್ಷೆಯನ್ನು ಹೇಳುವ ಪ್ರಕರಣದಲ್ಲಿ, ಉಣ್ಣೆಯ ಬಟ್ಟೆಗಳ ಒಂದು ಪಟ್ಟಿಯುಂಟು. ಉತ್ತಮವಾದ ಕಂಬಳಿಯು ಮುಟ್ಟಿದರೆ ಹಸಿಯಾಗಿದೆಯೋ ಎಂಬಂತೆ ಜಾರಬೇಕು, ಎಳೆ ಸಣ್ಣದಾಗಿ ಮೃದುವಾಗಿರಬೇಕು ಎಂದು ಅಲ್ಲಿ ಲಕ್ಷಣ ಹೇಳಿದೆ. ನೇಪಾಳದಿಂದ ಬರುವ ‘ಭಿಂಗಿಸೀ’ ಎಂಬುದೊಂದು ಬಟ್ಟೆ, ಬಣ್ಣ ಕಪ್ಪು, ಎಂಟು ತುಂಡುಗಳನ್ನು ಕೂಡಿಸಿ ಮಾಡಿದ್ದು, ಮತ್ತು ಅದು ‘ವರ್ಷವಾರಣ’, ಅಂದರೆ ಮಳೆಯನ್ನು ತಡೆಯುವಂಥದು. ನನಗೆ ತಿಳಿದ ಮಟ್ಟಿಗೆ ನಮ್ಮ ವಾಙ್ಮಯದಲ್ಲಿ ಮಳೆಬಟ್ಟೆಯೊಂದಕ್ಕೆ ಇಷ್ಟು ಸ್ಪಷ್ಟವಾದ ಪ್ರಮಾಣವು ಬೇರೆಯಿಲ್ಲ.

ಎಂಟು ತುಂಡುಗಳನ್ನು ಕೂಡಿಸಿದರೆ ಏಳು ಹೊಲಿಗೆಗಳಾದರೂ ಬೇಕು. ಇಷ್ಟು ಸಂದುಗಳಿದ್ದೂ ಅದು ಮಳೆಯನ್ನು ತಡೆದದ್ದು ಹೇಗೆ? ವ್ಯಾಕರಣದಿಂದ ಇದಕ್ಕೆ ಉತ್ತರ ಬರಲಿಲ್ಲ. ಕಂಬಳಿ ನೇಯುವವರ ಅಂಗಳದಿಂದ ಬಂದಿತು. ದಖ್ಖಣದ ಕುರಿಯ ಉಣ್ಣೆಯು ಒರಟು. ಬಣ್ಣ ಬಹುಮಟ್ಟಿಗೆ ಕಪ್ಪು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವರು. ಹೆಂಗಸರು ನೂಲುವರು, ಗಂಡಸರು ಕುಣಿಮಗ್ಗದಲ್ಲಿ ನೇಯುವರು. ಹಾಸಿನ ಎಳೆಗಳು ಒಂದಕ್ಕೊಂದು ಅಂಟಿ ಹರಿಯದಂತೆ ಹುಣಸೆಯ ಬೀಜವನ್ನು ಅರೆದು ಕುದಿಸಿದ ಸರಿಯನ್ನು ಬಳಿಯುವರು. ನೆಯ್ದ ಮೇಲೆ ನೀರು ತಾಗಿ, ಮೈ ತಿಕ್ಕಿ, ಬಳಕೆಯಾದಂತೆ ಉಣ್ಣೆಯ ಎಳೆಗಳು ಒಂದರ ಮೈಯನ್ನೊಂದು ಹಿಡಿದುಕೊಳ್ಳುವವು, ರಂಧ್ರಗಳು ಮುಚ್ಚುವವು. ಹತ್ತಿಯ ಬಟ್ಟೆಯು ಹಳೆಯದಾದಂತೆ ತೆಳುವಾದರೆ ಕಂಬಳಿಯು ಕೆಲವು ಕಾಲ ಬಿಗಿಯಾಗುತ್ತ ಹೋಗುವದು. ಉಣ್ಣೆಯ ನೂಲಿನಿಂದಲೇ ಉಣ್ಣೆಯ ತುಂಡುಗಳನ್ನು ಹೊಲಿದರೆ ಸೂಜಿಯ ತೂತೂ ಹಾಗೆಯೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳಬೇಕು. ಭಿಂಗಿಸಿಯ ಗುಟ್ಟು ಇದೇ ಇದ್ದೀತೆಂದು ನನ್ನ ಊಹೆ. ಬಲ್ಲವರು ತಿದ್ದಿದರೆ ಸಂತೋಷ.

ಉಣ್ಣೆಯ ಇನ್ನೊಂದು ಗುಣವನ್ನು ಈಗಿನ ಶಾಸ್ತ್ರಜ್ಞರು ಅಳೆದು ತೋರಿಸಿದ್ದಾರೆ. ಅದರ ಎಳೆಯ ಮೇಲ್ಮೈಯು ಹನಿಯನ್ನು ಹೊರಗೆ ಜಾರಿಸುವದು. ಆದರೆ ಒಳಮೈಯು ತೇವದ ಆವಿಯನ್ನು ಹೀರುವದು. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಅದು ಕೈಗೆ ಒದ್ದೆಯೆನಿಸುವದಿಲ್ಲ. ಹೀರುವಾಗ ತುಸು ಕಾವನ್ನೂ ಹೊರಗೆಡಹುವದು. ಕಂಬಳಿಯ ಕೊಪ್ಪೆಯೊಳಗಿನವನು ತೊಯ್ದರೂ ನಡುಗುವದಿಲ್ಲವೆಂದು ಕುರುಬರು ಹೇಳುವ ಮಾತು ಹೀಗೆ ನಿಜವಾಗಿರುವದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಶಿರಹಟ್ಟಿಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ತರುಣ ಮಾಸ್ತರನಾಗಿದ್ದಾಗ ಕುರಿಗಾರರ ಮನೆಯ ಒಬ್ಬ ಹುಡುಗನು ಮಳೆಯ ದಿನಗಳಲ್ಲಿ ಹಳೆಯ ಕಂಬಳಿಯೊಂದನ್ನು ಕೊಪ್ಪೆ ಹಾಕಿಕೊಂಡು ಬರುತ್ತಿದ್ದನು. ಕಂಬಳಿಯು ಅವನಿಗಿಂತ ಉದ್ದ. ಅಂಚು ಕೆಸರಿನಲ್ಲಿ ಎಳೆಯುತ್ತಿದ್ದಿತು. ನೆಂದ ಉಣ್ಣೆಯ ವಾಸನೆಯು ಕೋಣೆಯನ್ನೆಲ್ಲ ತುಂಬುವದು. ಉಳಿದ ಹುಡುಗರು ಮೂಗು ಮುಚ್ಚಿಕೊಂಡು ನಗತೊಡಗಿದಾಗ ನಗುವವರನ್ನು ಗದರಿಸುವ ಬದಲು ನಾನು ಅವನಿಗೆ ಕಂಬಳಿಯನ್ನು ಹೊರಗಿನ ಗೋಡೆಯ ಮೇಲೆ ಹಾಕಿ ಬಾ ಎಂದೆನು. ಸಂಜೆ ಶಾಲೆ ಬಿಟ್ಟಾಗ ಮಳೆಯು ಮೊದಲಿಗಿಂತ ಜೋರಾಗಿದ್ದಿತು; ಗೋಡೆಯ ಮೇಲೆ ಕಂಬಳಿಯಿರಲಿಲ್ಲ. ಯಾರೋ ದಾರಿಹೋಕರು ಒಯ್ದಿದ್ದರು. ಹುಡುಗನು ಅಳಲಿಲ್ಲ, ಪಾಟಿಯನ್ನು ತಲೆಯ ಮೇಲೆ ಹಿಡಿದುಕೊಂಡು ಓಡಿಹೋದನು. ಐದು ದಿವಸ ಶಾಲೆಗೆ ಬರಲಿಲ್ಲ. ಆರನೆಯ ದಿನ ನಾನು ಅವನ ಮನೆಗೆ ಹೋಗಿ ಕಂಬಳಿಯ ಬೆಲೆಯೆಂದು ರೊಕ್ಕವನ್ನು ಅವನ ಅಜ್ಜನ ಮುಂದಿಟ್ಟೆನು. ಅಜ್ಜನು ಅದನ್ನು ಮುಟ್ಟಲಿಲ್ಲ. “ರೊಕ್ಕ ಇರಲಿ ಬಿಡ್ರಿ ಮಾಸ್ತರ. ಆ ನೂಲು ನಮ್ಮವ್ವ ನೂತಿದ್ದು” ಎಂದಷ್ಟೇ ಹೇಳಿ, ನನಗೆ ಕುಳಿತುಕೊಳ್ಳಲು ಇನ್ನೊಂದು ಕಂಬಳಿಯನ್ನು ಹಾಸಿದನು. ಅದರ ಮೇಲೆ ಕುಳಿತು ಚಹಾ ಕುಡಿದು ಬಂದೆನು. ಪಾಣಿನಿಯ ಸೂತ್ರವು ಆಗ ನನ್ನ ನೆನಪಿಗೆ ಬರಲಿಲ್ಲ.

ಇನ್ನು ಸೂಜಿಯ ಕಡೆಗೆ ಬರೋಣ. ಏಳನೆಯ ಶತಮಾನದಲ್ಲಿ, ಎರಡನೆಯ ಪುಲಕೇಶಿಯ ಕಾಲದಲ್ಲಿ, ಈ ನಾಡಿನ ಕಡೆಗೆ ಬಂದುಹೋದ ಚೀನದ ಯಾತ್ರಿಕ ಹ್ಯುಯೆನ್‌ತ್ಸಾಂಗನು ಭಾರತೀಯರ ಉಡಿಗೆಯನ್ನು ಕತ್ತರಿಸಿ ಹೊಲಿಯುವ ರೂಢಿಯಿಲ್ಲವೆಂದು ಬರೆದಿದ್ದಾನೆ. ಅವರು ಬಳಸುವ ಬಟ್ಟೆಗಳಲ್ಲಿ ಕಂಬಲವನ್ನೂ ಹೆಸರಿಸಿದ್ದಾನೆ. ಸಾಮಾನ್ಯರ ಮಟ್ಟಿಗೆ ಇದು ನಿಜವಿದ್ದೀತು. ಆದರೆ ಹೊಲಿಗೆಯೇ ನಮಗೆ ಹೊರಗಿನಿಂದ ಬಂದಿತೆಂದು ಇದರಿಂದ ಸಾಧಿಸಹೊರಡುವವರನ್ನು ನಾನು ಒಪ್ಪಲಾರೆನು. ಅಮರಸಿಂಹನು ಚಿಪ್ಪಿಗನಿಗೆ ತುನ್ನವಾಯ, ಸೌಚಿಕ ಎಂಬ ಎರಡು ಹೆಸರುಗಳನ್ನು ಕೊಟ್ಟಿದ್ದಾನೆ. ಕಂಚುಕ, ವಾರಬಾಣಗಳೆಂಬ ಅಂಗಿಗಳನ್ನು ಹೇಳಿದ್ದಾನೆ. ವಾರಬಾಣವು ಅರ್ಥಶಾಸ್ತ್ರದ ಉಣ್ಣೆಬಟ್ಟೆಗಳ ಪಟ್ಟಿಯಲ್ಲಿಯೂ ಉಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯಿದ್ದನು. ಹೊಲಿದ ಕಂಬಳಿಯನ್ನು ನೋಡಬೇಕೆನ್ನುವವರು ಮುಂಡರಗಿಯಿಂದ ತುಂಗಭದ್ರೆಯನ್ನು ದಾಟಿ, ಹೂವಿನಹಡಗಲಿ ಸೀಮೆಯ ಮೈಲಾರಕ್ಕೆ ಭರತಹುಣ್ಣಿಮೆಯ ಜಾತ್ರೆಗೆ ಹೋಗಬಹುದು. ಅಲ್ಲಿಯ ಗೊರವರು ತೊಡುವದು ಕರಿಯ ಕಂಬಳಿಯ ನಿಲುವಂಗಿಯನ್ನು. ಅದು ಮಳೆಗಾಗಿ ಹೊಲಿದದ್ದಲ್ಲ, ಮೈಲಾರಲಿಂಗನ ಸೇವೆಗಾಗಿ ಹೊಲಿದದ್ದು. ಸೂಜಿಯೂ ಇದ್ದಿತು, ಕಂಬಳಿಯೂ ಇದ್ದಿತು. ಆದರೂ ಹೊಲದಲ್ಲಿ ದುಡಿಯುವವನು ಅವೆರಡನ್ನೂ ಕೂಡಿಸಲಿಲ್ಲ.

ಮನೆಯ ಹೆಂಗಸರು ಮಾತ್ರ ಒಂದು ಕಡೆಯಲ್ಲಿ ಕೊಪ್ಪೆಯನ್ನು ಹೊಲಿದೇ ಇದ್ದರು. ನಮ್ಮ ವಿದ್ವಾಂಸರಾರೂ ಇದನ್ನು ಲಕ್ಷ್ಯಕ್ಕೆ ತಂದುಕೊಂಡಂತೆ ಕಾಣುವದಿಲ್ಲ. ಕೂಸಿಗೆ ಹಾಕುವ ಕುಂಚಿಗೆಯೇ ಅದು. ತಲೆಯ ಮೇಲೆ ಗೂಡಿನಂತೆ ಕೂತು, ಬೆನ್ನ ಮೇಲೆ ಇಳಿಬಿದ್ದು, ಗದ್ದದ ಕೆಳಗೆ ಕಸೆಯಿಂದ ಕಟ್ಟಿಕೊಳ್ಳುವ ಈ ಉಡುಪಿನ ಆಕಾರವು ಕೊಪ್ಪೆಯ ಆಕಾರವೇ ಹೊರತು ಬೇರೆಯಲ್ಲ. ರೈತನು ಮಡಿಸಿದ್ದನ್ನು ತಾಯಿಯು ಹೊಲಿದಳು, ಏಕೆಂದರೆ ಕೂಸು ಮಡಿಕೆಯನ್ನು ಹಿಡಿದುಕೊಂಡು ಕೂಡಲಾರದು. ಧಾರವಾಡ ಸೀಮೆಯ ಕಸೂತಿಯು ಸೀರೆಯ ಸೆರಗಿನ ಮೇಲೆ ಬೆಳೆದಂತೆಯೇ ಕುಲಾವಿ ಕುಂಚಿಗೆಗಳ ಮೇಲೆಯೂ ಬೆಳೆಯಿತು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ತುಳಸಿಕಟ್ಟೆ, ಗೋಪುರ, ಅಂಬಾರಿಗಳನ್ನು ಎಳೆ ಎಣಿಸಿ ತೆಗೆದರು. ಅದರಂತೆ ಹಳೆಯ ಸೀರೆ ಧೋತರಗಳ ಪದರುಗಳನ್ನು ಸೇರಿಸಿ ಟಾಕಿ ಹಾಕಿದ ಕವುದಿಯಿಲ್ಲದ ಮನೆಯು ನಮ್ಮಲ್ಲಿ ಎಲ್ಲಿದ್ದಿತು? ಮನೆಯಲ್ಲಿ ಹೊಲಿಯುವದು ಹೊಲಿಗೆಯಂತ್ರದೊಂದಿಗೆ ಬಂದ ವಿದ್ಯೆಯಲ್ಲ. ಕಲಕತ್ತೆಯ ಜೇ ಇಂಜಿನಿಯರಿಂಗ್ ಕಾರಖಾನೆಯವರು ೧೯೩೦ರ ದಶಕದಲ್ಲಿ ‘ಉಷಾ’ ಯಂತ್ರವನ್ನು ದೇಶದಲ್ಲಿಯೇ ಮಾಡತೊಡಗಿದ ಮೇಲೆ ಅದಕ್ಕೆ ವೇಗ ಬಂದಿತು, ಅಷ್ಟೆ.

ಸೂಜಿಗೂ ನೀರಿಗೂ ಇರುವ ಈ ಜಗಳವು ಪಾಶ್ಚಾತ್ಯರನ್ನೂ ಬಿಡಲಿಲ್ಲ. ಸ್ಕಾಟ್ಲಂಡಿನ ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂತಾಷನು ಕಲ್ಲಿದ್ದಲಿನ ಡಾಂಬರಿನಿಂದ ಬಂದ ನ್ಯಾಫ್ಥಾದಲ್ಲಿ ರಬ್ಬರನ್ನು ಕರಗಿಸಿ, ಅದನ್ನು ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿ, ನೀರು ಹಾಯದ ಬಟ್ಟೆಯನ್ನು ಮಾಡಿ ೧೮೨೩ರಲ್ಲಿ ಹಕ್ಕುಪತ್ರ ಪಡೆದನು. ಬಟ್ಟೆಯು ನೀರನ್ನು ತಡೆಯಿತು. ಆದರೆ ದರ್ಜಿಗಳು ಅದನ್ನು ಎಂದಿನಂತೆ ಹೊಲಿದಾಗ ಪ್ರತಿಯೊಂದು ತೂತಿನಿಂದಲೂ ನೀರು ಒಳಗಿಳಿಯಿತು. ಆ ಅಂಗಿಯು ಚಳಿಯಲ್ಲಿ ಹಲಗೆಯಂತೆ ಸೆಟೆಯುವದು, ಸೆಕೆಯಲ್ಲಿ ಅಂಟುವದು. ಗಂಧಕವನ್ನು ಸೇರಿಸಿ ಕಾಸಿ ರಬ್ಬರನ್ನು ಹದಗೊಳಿಸುವ ಕ್ರಮವನ್ನು ೧೮೪೪ರ ಸುಮಾರಿಗೆ ಅಮೇರಿಕೆಯ ಗುಡ್‌ಇಯರನೂ ಇಂಗ್ಲಂಡಿನ ಹ್ಯಾನ್‌ಕಾಕನೂ ಬಳಕೆಗೆ ತಂದ ಮೇಲೆಯೇ ಅದು ನಮ್ಮಂಥ ಉಷ್ಣದೇಶದಲ್ಲಿ ತೊಡುವಂತಾಯಿತು. ನಮ್ಮ ದೇಶದಲ್ಲಿ ೧೯೨೦ರಲ್ಲಿ ಸುರೇಂದ್ರಮೋಹನ ಬೋಸರು ಬಂಗಾಲದಲ್ಲಿ ಸ್ವದೇಶೀ ಮಳೆಯಂಗಿಯ ಉದ್ಯಮವನ್ನು ಆರಂಭಿಸಿದರು; ‘ಡಕ್‌ಬ್ಯಾಕ್’ ಎಂಬ ಅದರ ಹೆಸರು ಮುಂದೆ ಮಳೆಯಂಗಿಗೇ ಪರ್ಯಾಯಪದವಾಯಿತು. ನಮ್ಮ ಊರಿನಲ್ಲಿ ಅದನ್ನು ತೊಟ್ಟವರು ಅಧಿಕಾರಿಗಳು, ಡಾಕ್ಟರರು, ಕೆಲವರು ವಕೀಲರು. ಮಾಸ್ತರರಿಗೆ ಕೊಡೆಯೇ ಲಾಂಛನವಾಗಿದ್ದಿತು.

ರಬ್ಬರಿಲ್ಲದೆಯೂ ಹತ್ತಿಯು ನೀರನ್ನು ತಡೆಯಬಲ್ಲದೆಂಬುದು ಹತ್ತಿಯ ಊರಿನವರಾದ ನಮಗೆ ಕುತೂಹಲದ ವಿಷಯವಾಗಬೇಕು. ಎರಡನೆಯ ಮಹಾಯುದ್ಧದಲ್ಲಿ ತಣ್ಣನೆಯ ಕಡಲಿಗೆ ಬಿದ್ದ ವಿಮಾನಿಕರು ಚಳಿಯಿಂದಲೇ ಸಾಯುತ್ತಿದ್ದರು. ಅವರಿಗಾಗಿ ಮ್ಯಾಂಚೆಸ್ಟರಿನ ಶರ್ಲಿ ಸಂಶೋಧನಾಲಯದವರು ಉದ್ದೆಳೆಯ ಹತ್ತಿಯನ್ನು ಅತ್ಯಂತ ಒತ್ತಾಗಿ ನೆಯ್ದು ‘ವೆಂಟೈಲ್’ ಎಂಬ ಬಟ್ಟೆಯನ್ನು ಮಾಡಿದರು. ನೀರು ತಾಗಿದೊಡನೆ ನೂಲು ಉಬ್ಬಿ ತನ್ನ ನಡುವಿನ ಸಂದುಗಳನ್ನು ತಾನೇ ಮುಚ್ಚುವದು. ಒಣಗಿದಾಗ ಸಂದು ತೆರೆದು ಬೆವರಿನ ಆವಿಯು ಹೊರಬೀಳುವದು. ಉಣ್ಣೆಯು ತನ್ನ ಸ್ವಭಾವದಿಂದ ಮಾಡುತ್ತಿದ್ದ ಕೆಲಸವನ್ನು ಹತ್ತಿಯಿಂದ ನೆಯ್ಗೆಯ ಬಲದ ಮೇಲೆ ಮಾಡಿಸಿದಂತಾಯಿತು.

ಇದನ್ನು ಓದಿದ ಉತ್ಸಾಹದಲ್ಲಿ ನಾನು ಬೆಟಗೇರಿಯ ಕೈಮಗ್ಗದ ಬಟ್ಟೆಯ ಮೇಲೆ ಕೆಲವು ಪ್ರಯೋಗಗಳನ್ನು ನಡೆಸಿದೆನು. ನಮ್ಮ ಎರೆಹೊಲಗಳ ಬೆಳೆಯಾದ ಕುಸುಬೆಯ ಎಣ್ಣೆಯು ತೆಳುವಾಗಿ ಬಳಿದರೆ ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯದು. ಅದನ್ನು ಉರಿಯಿಂದ ಕರಿದಾಗಿಸಿದ ಅಂಟಿನಂಥ ಎಣ್ಣೆಯನ್ನು ಬಾವಿಯ ಹಗ್ಗಕ್ಕೂ ನೀರೆತ್ತುವ ಚರ್ಮದ ಚೀಲಕ್ಕೂ ಬಳಿಯುತ್ತಿದ್ದರೆಂದು ಜಾರ್ಜ್ ವಾಟನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಕಟಿಸಿದ ತನ್ನ ದೊಡ್ಡ ಕೋಶದಲ್ಲಿ ಬರೆದಿದ್ದಾನೆ. ವಾಯವ್ಯ ಗಡಿನಾಡಿನ ಮೇಣಬಟ್ಟೆಯ ಕಲೆಯೂ ಕಾಡುಕುಸುಬೆಯ ಎಣ್ಣೆಯಿಂದಲೇ ಹುಟ್ಟಿತು. ಹಾಗಾದರೆ ನಮ್ಮ ಸೀಮೆಗೆ ಎಣ್ಣೆಬಟ್ಟೆಯು ಸ್ವಾಭಾವಿಕವೆಂದು ಭಾವಿಸಿ ಅಂಗಡಿಯ ಎಣ್ಣೆಯನ್ನೇ ಬಳಿದು ಒಣಹಾಕಿದೆನು. ಹತ್ತು ದಿವಸವಾದರೂ ಅದರ ಅಂಟು ಆರಲಿಲ್ಲ. ಊರ ನೊಣಗಳೆಲ್ಲ ಅದಕ್ಕೆ ಮುತ್ತಿದವು. ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆಮಾಡಿ ಮೂಲೆಗೆ ಒಗೆದಿದ್ದೆನು. ಇಂಥ ಎಣ್ಣೆಯ ಅರಿವೆಯ ಮುದ್ದೆಯು ಒಣಗುವಾಗ ಒಳಗೊಳಗೆ ಕಾಯ್ದು ತಾನಾಗಿ ಹೊತ್ತಿಕೊಳ್ಳಬಹುದೆಂದು ಆಮೇಲೆ ತಿಳಿದು, ಅವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆನು. ವಾಚಕರು ಈ ಪ್ರಯೋಗವನ್ನು ಮಾಡದಿರುವದು ಒಳ್ಳೆಯದು.

ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಟಿಕದ ನೀರಿನಲ್ಲಿ ಅದ್ದಿ ಒಣಗಿಸುವ ಇನ್ನೊಂದು ಕ್ರಮವು ಸುಲಭವಾಗಿಯೂ ನಿರಪಾಯವಾಗಿಯೂ ಇರುವದು. ಎರಡೂ ಕೂಡಿ ನೀರಿನಲ್ಲಿ ಕರಗದ ಒಂದು ಜಿಡ್ಡು ನೂಲಿನ ಮೇಲೆ ನಿಲ್ಲುವದು. ಬಟ್ಟೆಯ ಸಂದುಗಳು ತೆರೆದಿರುವದರಿಂದ ಗಾಳಿಯೂ ಆಡುವದು. ಹೀಗೆ ಮಾಡಿದ ತುಂಡಿನ ಮೇಲೆ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಓಡಾಡಿದವು. ತುಂತುರು ಮಳೆಗೆ ಇದು ಸಾಕು. ಹುಬ್ಬಿಯ ಮಳೆಗೆ ಸಾಲದು. ಹತ್ತಿಯ ಬಟ್ಟೆಯ ಮೇಲೆ ನನಗೆ ಅಭಿಮಾನವಿದ್ದರೂ ಮಗಳು ಕೊನೆಗೆ ಒಳಮೈಗೆ ಲೇಪವಿರುವ ತೆಳು ನೈಲಾನನ್ನೇ ತಂದಳು. ನಾನು ವಾದಿಸಲಿಲ್ಲ. ಮಳೆಯಲ್ಲಿ ಸೈಕಲ್ ಹೊಡೆಯುವವನು ನಾನಲ್ಲವಷ್ಟೆ.

ಅವಳು ಅಂಗಿಯನ್ನು ಹೊಲಿದ ಕ್ರಮವು ನನಗೆ ಒಂದು ಭಾಷ್ಯದಂತೆ ಕಂಡಿತು. ನೀರು ಮೊದಲು ಬೀಳುವದೂ ಹೆಚ್ಚು ಹೊತ್ತು ನಿಲ್ಲುವದೂ ಭುಜದ ಮೇಲೆ. ಆದುದರಿಂದ ಭುಜದ ನೆತ್ತಿಯಲ್ಲಿ ಹೊಲಿಗೆಯೇ ಬಾರದಂತೆ ಮುಂದಿನ ಹಿಂದಿನ ಮೇಲ್ಭಾಗಗಳನ್ನು ಒಂದೇ ತುಂಡಿನಲ್ಲಿ ಕತ್ತರಿಸಿ, ಜೋಡಣೆಯನ್ನು ಎದೆಯ ಮೇಲಕ್ಕೂ ಬೆನ್ನಿಗೂ ಇಳಿಸಿದಳು. ಕಂಬಳಿಯ ಕೊಪ್ಪೆಯಲ್ಲಿಯೂ ಭುಜದ ಮೇಲೆ ಸಂದಿಲ್ಲವೆಂಬುದನ್ನು ವಾಚಕರು ನೆನೆಯಬೇಕು. ಸೂಜಿ ಅತಿ ಸಣ್ಣದು. ಟಾಕಿಗಳು ತುಸು ಉದ್ದ, ಏಕೆಂದರೆ ಟಾಕಿಗಳು ಒತ್ತಾದಷ್ಟೂ ತೂತುಗಳು ಹೆಚ್ಚುವವು. ದಾರವು ನೀರನ್ನು ಹೀರಿ ಒಳಗೆಳೆಯದಂತೆ ಹತ್ತಿಯದನ್ನು ಬಿಟ್ಟು ಪಾಲಿಯೆಸ್ಟರದನ್ನು ಹಾಕಿದಳು. ಒಂದು ಅಂಚನ್ನು ಇನ್ನೊಂದರೊಳಗೆ ಮಡಚಿ, ಮಡಿಕೆಯ ಬಾಯಿಯು ಕೆಳಮುಖವಾಗುವಂತೆ ಚಪ್ಪಟೆಮಾಡಿ, ಎರಡನೆಯ ಸಲ ಹೊಲಿದಳು; ಮನೆಯ ಹಂಚುಗಳು ಒಂದರ ಮೇಲೊಂದು ಕೂತು ನೀರನ್ನು ಕೆಳಕ್ಕೆ ಸಾಗಿಸುವಂತೆ ಅದು ಸಾಗಿಸುವದು. ಬೆವರಿನ ಆವಿಗಾಗಿ ಕಂಕುಳಲ್ಲಿ ಹೊಲಿಯದೆ ಬಿಟ್ಟ ಸಂದು, ಬೆನ್ನಿನ ಮೇಲೆ ಸೆರಗಿನಂತೆ ಇಳಿಬಿದ್ದ ಪದರಿನ ಕೆಳಗೆ ಜಾಳಿಗೆಯ ಬಟ್ಟೆ.

ತಲೆಯ ಗೂಡಿಗೆ ಅಳತೆ ಕೂಡಲಿಲ್ಲ. ಪತ್ರಿಕೆಯ ಕಾಗದದಲ್ಲಿ ಎರಡು ಸಲ ಕತ್ತರಿಸಿದರೂ ಒಂದು ಕಣ್ಣಿಗೆ ಇಳಿಯಿತು, ಇನ್ನೊಂದು ಗಾಳಿಗೆ ಹಿಂದಕ್ಕೆ ಬಿದ್ದಿತು. ಆಗ ಅವಳ ತಾಯಿಯು ಟ್ರಂಕಿನ ತಳದಿಂದ ಅವಳದೇ ಹಳೆಯ ಕುಂಚಿಗೆಯನ್ನು ತೆಗೆದುಕೊಟ್ಟಳು. ನನ್ನ ತಾಯಿಯು ಹೊಲಿದದ್ದು. ನೆತ್ತಿಯ ಮೇಲೆ ಬಣ್ಣಗೆಟ್ಟ ತುಳಸಿಕಟ್ಟೆಯಿರುವದು. ಮಗಳು ಅದನ್ನು ಒಳಗು ಹೊರಗು ತಿರುವಿ ನೋಡಿ, ನೆತ್ತಿಯ ಉದ್ದಕ್ಕೆ ಹೊಲಿಗೆಯಿಲ್ಲದೆ ಒಂದೇ ಪಟ್ಟಿಯನ್ನು ಹಣೆಯಿಂದ ಕೊರಳಿನವರೆಗೆ ಒಯ್ದು, ಎರಡೂ ಕಡೆಗೆ ಕಿವಿಯ ತುಂಡುಗಳನ್ನು ಸೇರಿಸಿದ್ದನ್ನು ಕಂಡುಕೊಂಡಳು. ಅದನ್ನೇ ದೊಡ್ಡದುಮಾಡಿ ಕತ್ತರಿಸಿದಳು. ಮೊದಲನೆಯ ಸಲಕ್ಕೆ ಕೂತಿತು.

ಈಗ ದಖ್ಖಣದ ಉಣ್ಣೆಗೆ ಕೊಳ್ಳುವವರು ಕಡಮೆಯಾಗಿದ್ದಾರೆ. ಮಾಂಸಕ್ಕಾಗಿಯೇ ಸಾಕುವ, ಉಣ್ಣೆಯಿಲ್ಲದ ಕೂದಲಿನ ಕುರಿಗಳು ಹಿಂಡಿನಲ್ಲಿ ಹೆಚ್ಚುತ್ತಿವೆ. ಕತ್ತರಿಸಿದ ಉಣ್ಣೆಯನ್ನು ಬೇಲಿಗೆ ಬಿಸಾಡಿದ್ದನ್ನು ನಾನೇ ಮುಂಡರಗಿಯ ದಾರಿಯಲ್ಲಿ ಕಂಡಿದ್ದೇನೆ. ಸಂತೆಯಲ್ಲಿ ಕಂಬಳಿಯೆಂದು ಮಾರುವ ಹೊದಿಕೆಗಳಲ್ಲಿ ಉಣ್ಣೆಯ ಎಳೆಯೇ ಇಲ್ಲದವು ಎಷ್ಟೋ ಇರುವವು. ಅವು ಹೊದೆಯಲು ಬಂದಾವು; ಅವುಗಳಿಂದ ಕೊಪ್ಪೆ ಹಾಕಿ ಮಳೆಗೆ ನಿಂತವನಿಗೆ ವ್ಯತ್ಯಾಸವು ತಿಳಿಯುವದು.

ಅಂಗಿಯು ಮೃಗಶಿರದ ಮಳೆಗೆ ಎರಡು ದಿನ ಮುಂಚೆ ಮುಗಿಯಿತು. ಹುಡುಗನನ್ನು ಬಚ್ಚಲಲ್ಲಿ ನಿಲ್ಲಿಸಿ ನಾನು ತಂಬಿಗೆಯಿಂದ ಮೆಲ್ಲನೆ ನೀರು ಹೊಯ್ದೆನು. ಮಗಳು ಒಳಗಡೆಯಿಂದ ಬೆರಳಾಡಿಸಿ ನೋಡಿದಳು. ಭುಜ ಒಣಗಿದ್ದಿತು, ನೆತ್ತಿ ಒಣಗಿದ್ದಿತು, ತೋಳಿನ ಸಂದುಗಳಲ್ಲಿಯೂ ತೇವವಿರಲಿಲ್ಲ. ಎಡಗಡೆಯ ಬೆನ್ನಿನ ನಡುವೆ ಮಾತ್ರ ಸಾಸಿವೆಯಷ್ಟು ಒಂದು ಹನಿ ಮೂಡಿ, ನೋಡನೋಡುತ್ತ ಬೆಳೆದು ಕೆಳಗಿಳಿಯಿತು. ಅದು ಯಾವ ಹೊಲಿಗೆಯ ಮೇಲೆಯೂ ಇರಲಿಲ್ಲ. ಮಗಳು ನನ್ನ ಮುಖವನ್ನು ನೋಡಿದಳು. ನಾನು ತಂಬಿಗೆಯನ್ನು ಕೆಳಗಿಟ್ಟು ಅಡಿಗೆಮನೆಯಿಂದ ಜೇನುಮೇಣದ ತುಂಡನ್ನು ತಂದೆನು. ಅವಳು ಬಟ್ಟೆಯನ್ನು ಒರೆಸಿ ಮೇಣವನ್ನು ಆ ಟಾಚಣಿಯ ತೂತಿನ ಮೇಲೆ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಮಚದ ಬೆನ್ನಿನಿಂದ ಒತ್ತಿದಳು. ಇನ್ನೊಂದು ತಂಬಿಗೆ ನೀರು ಹೊಯ್ದೆವು.